ಕಾಟನ್ ಗ್ರೀನ್‌ನ ಸಲಾಕೆ

ಗುಲಾಬಿ, ನಯ, ಒಂದು ಗೀರೂ ಇಲ್ಲ ಎಂದರು ಡಾಕ್ಟರು,
ಪರದೆಯ ಮೇಲೆ ನನ್ನ ಒಳಗನ್ನು ನನಗೇ ತೋರಿಸುತ್ತ,
ಅಂಗಡಿಯವನು ಸೆರಗು ಹರಡಿ
ಮುಟ್ಟಿ ನೋಡಿ ಬಾಯಿ ಅಂದ ಹಾಗೆ.
ನೋಡಿದೆ. ಚೆಂದವೇ ಇತ್ತು.

ಪರೇಲಿನ ಆಸ್ಪತ್ರೆ, ನಾಲ್ಕನೇ ಮಹಡಿ.
ಕಿಟಕಿಯಾಚೆ ಗಿರಣಿಯ ಒಂಟಿ ಚಿಮಣಿ
ಹೊಗೆ ಬಿಟ್ಟು ಎಷ್ಟೋ ವರ್ಷ.

ರಕ್ತ ಸುರಿಸಿ ಸುರಿಸಿ ಸೋತ ದೊಡ್ಡ ಕರುಳನ್ನು
ಮೂರು ವರ್ಷದ ಕೆಳಗೆ ಪೂರ್ತಿ ತೆಗೆದರು.
ಏಳು ತಿಂಗಳು ಹೊಟ್ಟೆಯ ಮೇಲೊಂದು ಚೀಲ,
ರಜೆ ಮುಗಿದ ಮೇಲೆ ಅದರ ಪಕ್ಕ
ಟಿಕೆಟ್ಟಿನ ಚರ್ಮದ ಚೀಲ.
ಒಂದರಲ್ಲಿ ಚಿಲ್ಲರೆಯ ಸದ್ದು,
ಇನ್ನೊಂದರಲ್ಲೂ ಸದ್ದು;
ಮುಂಬಯಿಯ ಗದ್ದಲವೇ ನನ್ನ ಮಾನ ಕಾಯಿತು.
ಕೊನೆಗೆ ಸಣ್ಣ ಕರುಳಿನ ತುದಿಯನ್ನು
ಕೊಡೆಯ ಹಿಡಿಯಂತೆ ಬಗ್ಗಿಸಿ, ಹೊಲಿದು,
ಒಳಗೇ ಒಂದು ಚೀಲ ಮಾಡಿಕೊಟ್ಟರು.

ದಿನಕ್ಕೆ ಆರು ಸಲ, ಏಳು ಸಲ.
ಸ್ಟಾಪುಗಳ ಹೆಸರು ಕೂಗುವ ನಾಲಗೆಯ ಹಿಂದೆ
ನನ್ನದೇ ಇನ್ನೊಂದು ಪಟ್ಟಿ:
ಶಿವಡಿ ನಾಕಾದ್ದು, ಚಿಲಕ ಮುರಿದದ್ದು.
ಲಾಲ್‌ಬಾಗಿನ ಚಹಾದಂಗಡಿ, ಮಾಲೀಕ
ಕಣ್ಣೆತ್ತದೆ ಕೀಲಿ ಕೊಡುತ್ತಾನೆ.
ಪುಣ್ಯವಂತ.

ಬಿನೈಫರ್ ಅಂತ ಒಬ್ಬಳು ಹುಡುಗಿ,
ಸಂಶೋಧನೆಯವಳು, ಕನ್ನಡಕ ಜಾರುವ ಮೂಗು.
ಅದೇ ನಯವಾದ ಗುಲಾಬಿಯಿಂದ
ನುಚ್ಚಿನಷ್ಟು ಚಿವುಟಿಸಿಕೊಂಡು ಹೋಗಿದ್ದಳು,
ನನ್ನ ಸಹಿ ಪಡೆದು.
ಹದಿನೆಂಟು ವಾರ ಕಳೆದು ಬಂದು ಕೂತಳು:
ಜೀನುಗಳು ಎಲ್ಲ ಕೋಶದಲ್ಲೂ ಅವೇ, ನೀಲಗಂಗಾ ದೀದಿ,
ಯಾವುದು ಮಲಗಿದೆ, ಯಾವುದು ಎದ್ದು ಕೂತಿದೆ
ಅನ್ನುವುದಷ್ಟೇ ಪ್ರಶ್ನೆ.
ನಿಮ್ಮ ಚೀಲದಲ್ಲಿ ಸಿಟ್ಟಿನವು ಎದ್ದಿವೆ.
ಕಣ್ಣಿಗೆ ಕಾಣುವ ಉರಿಯಲ್ಲ.
ಎಂದಿಗೂ ಕಾಣಲಿಕ್ಕಿಲ್ಲವೇನೋ. ಗೊತ್ತಿಲ್ಲ.

ಇನ್ನೊಂದೂ ಹೇಳಿದಳು, ಗುಟ್ಟಿನಂತೆ:
ಆ ಸಣ್ಣ ಕರುಳು ಬರಬರುತ್ತ
ದೊಡ್ಡದರ ನಡೆ ಕಲಿಯುತ್ತಿದೆಯಂತೆ.
ಹಿಡಿದಿಡುವ ಕೆಲಸ ಕೊಟ್ಟೆವಲ್ಲ, ಅದಕ್ಕೆ.
ಕೆಲಸದ ಜೊತೆ ಹಳೆಯ ಚಾಳಿಯೂ.
ನನಗೆ ನಗು ಬಂತು.
ನಮ್ಮ ಡಿಪೋದಲ್ಲೂ ಆ ಕುರ್ಚಿಗೆ ಯಾರೇ ಬರಲಿ
ತಿಂಗಳೊಳಗೆ ಹಿಂದಿನ ಸಾಹೇಬರದೇ ಕೆಮ್ಮು.

ಆದರೆ ನಗುವಿನ ನಡುವೆ ಅಪ್ಪ ಬಂದ.

ಹುಮನಾಬಾದ ಬಿಟ್ಟು ಬಂದು
ಕಾಟನ್ ಗ್ರೀನ್‌ನ ಗೋದಾಮಿನಲ್ಲಿ ಹಮಾಲನಾದವನು.
ಒತ್ತಿ ಕಟ್ಟಿದ ಹತ್ತಿಯ ಅಂಡಿಗೆಯೊಳಗೆ
ಒಂದು ಕಿಡಿ ಸೇರಿದರೆ
ವಾರಗಟ್ಟಲೆ ಹೊಗೆಯಿಲ್ಲದೆ ಬದುಕುತ್ತದೆ.
ಸಂಜೆ ಅವನು ಸಾಲಿನುದ್ದಕ್ಕೆ ನಡೆಯುತ್ತ
ಉದ್ದ ಸಲಾಕೆ ಚುಚ್ಚಿ, ಇಪ್ಪತ್ತು ಎಣಿಸಿ, ತೆಗೆದು,
ತುದಿಯನ್ನು ಕೆನ್ನೆಯ ಹತ್ತಿರ ಹಿಡಿಯುತ್ತಿದ್ದ.
ಅಂಗೈ ದಡ್ಡುಗಟ್ಟಿತ್ತು, ಅದನ್ನು ನಂಬುತ್ತಿರಲಿಲ್ಲ.
"ಹತ್ತಿ ಮ್ಯಾಲ ಬೆಳ್ಳಗ ನಗತದವ್ವಾ,
ಒಳಗಿಂದು ಕಬ್ಬಣಾನ ಹೇಳಬೇಕು."

ಬಿಸಿ ಅಂಡಿಗೆ ಸಿಕ್ಕರೆ ಬಿಚ್ಚುತ್ತಿರಲಿಲ್ಲ;
ಗಾಳಿ ತಾಗಿದರೆ ಭಗ್ಗೆನ್ನುತ್ತದೆ.
ಹೊರಗೆಳೆದು, ಅಂಗಳದಲ್ಲಿ ಒಂಟಿಯಾಗಿ ನಿಲ್ಲಿಸಿ,
ರಾತ್ರಿಯಿಡೀ ಪಕ್ಕದಲ್ಲಿ ಕೂರುತ್ತಿದ್ದ,
ಬೀಡಿ ಹಚ್ಚದೆ.
ಕೆಲವು ತಾವೇ ಆರುತ್ತಿದ್ದವು.
ಕೆಲವು ಯಾಕೆ ಆರುತ್ತವೆ ಅಂತ ಕೇಳಿದ್ದೆ.
ಸುಮ್ಮನೆ ನನ್ನ ಜಡೆ ಎಳೆದಿದ್ದ.

ಮದ್ದು ಬೇಕಾ ಅಂದೆ.
ಬಿನೈಫರ್ ಡಾಕ್ಟರ ಮುಖ ನೋಡಿದಳು,
ಡಾಕ್ಟರು ಚಿಮಣಿ ನೋಡಿದರು.
ಆರು ತಿಂಗಳಿಗೆ ಇನ್ನೊಮ್ಮೆ ಚಿವುಟೋಣ.
ಸರಿ ಅಂದೆ.

ಎರಡು ಗಂಟೆಗೆ ಡ್ಯೂಟಿ. ಡಿಪೋದ ಬೆಂಚಿನ ಮೇಲೆ
ಮೊಸರನ್ನ ಉಂಡೆ, ಖಾರವಿಲ್ಲದ್ದು.
ರೊಟ್ಟಿ ಚಟ್ನಿಯ ಊರಿನವಳಿಗೆ
ಅದೇ ದೊಡ್ಡ ಆಪರೇಷನ್ನು.
ಅಂಗಿಯ ಮೇಲಿಂದ ಹೊಟ್ಟೆಗೆ ಕೈಯಿಟ್ಟೆ.
ತಣ್ಣಗಿದೆ.
ಕೈಯನ್ನು ನಂಬಬಾರದೆಂದು ಗೊತ್ತಿದ್ದೂ
ಇಟ್ಟುಕೊಂಡೇ ಕೂತಿದ್ದೇನೆ,
ಇನ್ನೊಂದು ಕೈಯಲ್ಲಿ ಚಿಲ್ಲರೆ ಎಣಿಸುತ್ತ.